ಹೊಳನಗದ್ದೆಗೆ ಬಂದ ವಿಚಾರಣೆ

ಹೊಳನಗದ್ದೆಯ ಕೇರಿಗೆ ಗುರುತಿಲ್ಲದವರು ಯಾರೇ ಬಂದರೂ ಮಾಸ್ತಿ ಮೊದಲು ನೋಡುವುದು ಅವರ ಕಾಲನ್ನು. ಪೊಲೀಸರ ಬೂಟೋ, ಆಫೀಸಿನ ಬೂಟೋ, ಸುಮ್ಮನೆ ಬಂದವನ ಚಪ್ಪಲಿಯೋ ಎಂದು ತೀರ್ಮಾನವಾದ ಮೇಲೆಯೇ ಮುಖ. ಸೈನ್ಯ ಬಿಟ್ಟು ಆರು ವರ್ಷವಾಗಿತ್ತು, ಸಂಶಯ ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಗ್ಯಾಸ್ ಸಿಲಿಂಡರ್ ತರುವವನನ್ನೂ ಅಂಗಳದಲ್ಲೇ ನಿಲ್ಲಿಸಿ ಮೂರು ಪ್ರಶ್ನೆ ಕೇಳುತ್ತಿದ್ದ.

ಈಚೆಗೆ ಆ ಸಂಶಯಕ್ಕೊಂದು ಕಾರಣವೂ ಸಿಕ್ಕಿತ್ತು. ನಿದ್ದೆಯಲ್ಲಿ ಅವನ ಉಸಿರು ಕಟ್ಟುತ್ತದೆ, ಇದು ಸ್ಲೀಪ್ ಅಪ್ನಿಯಾ ಎಂದು ಮಂಗಳೂರಿನ ಡಾಕ್ಟರು ಹೇಳಿದ್ದರು. ಗಡಿಯಲ್ಲಿ ಹೊಕ್ಕ ಭಯ ಇನ್ನೂ ಇಳಿದಿಲ್ಲ, ಅದಕ್ಕೆ ಪಿಟಿಎಸ್‌ಡಿ ಅನ್ನುತ್ತಾರೆ, ಒಂದು ಇನ್ನೊಂದನ್ನು ಹೆಚ್ಚು ಮಾಡುತ್ತಿದೆ ಎಂದೂ ಹೇಳಿದ್ದರು. ಹಗಲೆಲ್ಲ ತೂಕಡಿಸಿ ಕುಮಟೆಯ ಎಟಿಎಮ್ ಕಾವಲಿನ ಕೆಲಸವೂ ಹೋಗಿತ್ತು. ಅಂಗವೈಕಲ್ಯದ ಪೆನ್ಷನ್ ಕೊಡಿ ಎಂದು ಕೇಳಿದರೆ ಮೆಡಿಕಲ್ ಬೋರ್ಡಿನವರು, ಇದು ಬೊಜ್ಜು ಬಂದವರ ಗೊರಕೆ, ಸೈನ್ಯಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಕೈ ತೊಳೆದುಕೊಂಡರು. ಮಾಸ್ತಿ ಮೇಲ್ಮನವಿ ಹಾಕಿದ. ಹಿಂದೆ ಅವನ ಜೊತೆ ಸೈನ್ಯದಲ್ಲಿದ್ದ ಹೊನ್ನಾವರದ ನರೇಶ, ಈ ಸಲ ಊರಿಗೇ ಜನ ಕಳಿಸಿ ಗುಟ್ಟಾಗಿ ವಿಚಾರಿಸುತ್ತಾರಂತೆ ಎಂದು ಫೋನಿನಲ್ಲಿ ಎಚ್ಚರಿಸಿದ್ದ. ಅವನಿಗೆ ಯಾರು ಹೇಳಿದ್ದೋ ದೇವರೇ ಬಲ್ಲ.

ನಿಜ ಹೇಳಬೇಕೆಂದರೆ ಮಾಸ್ತಿಗೆ ಆ ಡಾಕ್ಟರ ಮೇಲೂ ಪೂರ್ತಿ ನಂಬಿಕೆಯಿರಲಿಲ್ಲ. ಬೆಳಿಗ್ಗೆ ಎದ್ದರೆ ಬೆವರು, ತಲೆಭಾರ, ಅಷ್ಟೇ. ಏನೊಂದೂ ನೆನಪಿರುತ್ತಿರಲಿಲ್ಲ. ರಾತ್ರಿ ಏನಾಯಿತೆಂದು ಕೇಳಿದರೆ ಹೆಂಡತಿಯೂ ಗೊರಕೆ ಅಷ್ಟೇ ಎಂದು ಮಾತು ತೇಲಿಸುತ್ತಿದ್ದಳು. ಬೋರ್ಡಿನವರು ಹೇಳಿದ್ದೇ ಸರಿಯಿದ್ದು, ತಾನೇ ಸರ್ಕಾರಕ್ಕೆ ಟೋಪಿ ಹಾಕಲು ಹೊರಟಿದ್ದೇನೆಯೇ ಎಂಬ ಅನುಮಾನ ಒಳಗೊಳಗೇ ಕೊರೆಯುತ್ತಿತ್ತು. ಆದರೂ ಕೇರಿಯ ಮನೆಮನೆಗೆ ಹೋಗಿ ಪಾಠ ಹೇಳಿಕೊಟ್ಟ. ಯಾರಾದರೂ ನನ್ನ ಬಗ್ಗೆ ಕೇಳಿದರೆ ಮುಚ್ಚಿಡಬೇಡಿ, ಜೋರು ಕಾಯಿಲೆ ಎಂದೇ ಹೇಳಿ. ಗೋಡೆಗೆ ಗೋಡೆ ಅಂಟಿದ ಮನೆಯ ತಿಮ್ಮಿಗಂತೂ ಎರಡು ಸಲ ಒಪ್ಪಿಸಲು ಹೇಳಿದ. ಮೀನು ಮಾರಿ ಬಂದು ದಣಿದಿದ್ದ ಮುದುಕಿ ಆತು ಆತು ಎಂದು ಬಾಗಿಲು ಹಾಕಿಕೊಂಡಳು.

ಅವನ ಹೆಂಡತಿ ವಸಂತಿಯ ತಲೆಯಲ್ಲಿ ಬೋರ್ಡು ಇರಲಿಲ್ಲ, ಹೆಬಳೆ ಇತ್ತು. ಮಗಳು ಸುಚಿತಾಳಿಗೆ ಆ ಊರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ವಿನೋದ ಭಟ್ಕಳದಲ್ಲಿ ನೌಕರಿಯಲ್ಲಿದ್ದ. ಅವನ ಫೋಟೋ ನೋಡಿದ ದಿನ ಸುಚಿತಾ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳು.

ಒಂದು ಬೆಳಿಗ್ಗೆ ಸ್ಕೂಟರಿನಲ್ಲಿ ಒಬ್ಬ ಬಂದ. ಪಾಲಿಶ್ ಮಾಡಿದ ಕಪ್ಪು ಬೂಟು. ಬಂಗಡೆ ಕೊಳ್ಳುವ ನೆಪದಲ್ಲಿ ತಿಮ್ಮಿಯ ಬುಟ್ಟಿಯೆದುರು ಕೂತವನು ಮೀನು ತಾಜಾ ಹೌದೋ ಅಲ್ಲವೋ ಎಂದು ಕಿವಿರನ್ನು ಎತ್ತಿಯೂ ನೋಡಲಿಲ್ಲ. ಒಣಹಾಕಿದ ಬಲೆಯ ಮರೆಯಿಂದ ನೋಡುತ್ತಿದ್ದ ಮಾಸ್ತಿಗೆ ಇಷ್ಟೇ ಸಾಕಾಯಿತು. ಬಂದೇಬಿಟ್ಟರು. ತಿಮ್ಮಿ ಕೈ ತಿರುಗಿಸುತ್ತ, ಎದೆ ಮುಟ್ಟಿಕೊಳ್ಳುತ್ತ ಬಹಳ ಹೊತ್ತು ಮಾತಾಡಿದಳು. ಆ ಮನುಷ್ಯ ಮುಖ ಗಂಭೀರ ಮಾಡಿಕೊಂಡು ಎದ್ದು ಹೋದ. ಮುದುಕಿ ಗೆಲ್ಲಿಸಿದಳು ಎಂದು ಮಾಸ್ತಿ ಹಿಗ್ಗಿದ.

ವಾರ ಕಳೆಯುವುದರೊಳಗೆ ಹೆಬಳೆಯವರು ಹಿಂದೆ ಸರಿದ ಸುದ್ದಿ ಬಂತು. ಬಂದವನು ಸರ್ಕಾರದವನಲ್ಲ, ಹುಡುಗನ ಸೋದರಮಾವ ಸುಜಯ. ಹೆಣ್ಣು ನೋಡುವ ಮೊದಲು ಕೇರಿಯಲ್ಲಿ ಗುಟ್ಟಾಗಿ ವಿಚಾರಿಸುವುದು ಇಲ್ಲಿಯ ರೂಢಿ. ಮಾಸ್ತಿಯೇ ತನ್ನ ತಂಗಿಗೆ ಗಂಡು ಹುಡುಕುವಾಗ ಕಾಸರಕೋಡಿನಲ್ಲಿ ಒಣಮೀನಿನ ವ್ಯಾಪಾರಿಯಾಗಿ ಸುತ್ತಿದ್ದವನು. ಆದರೂ ಅದೊಂದು ಅವನಿಗೆ ಹೊಳೆದೇ ಇರಲಿಲ್ಲ. ವಸಂತಿ ಬೈಯಲಿಲ್ಲ, ಅಳಲೂ ಇಲ್ಲ.

"ಊರವ್ರ ಮೇಲೆಲ್ಲ ಸಂಶಯ ನಿಮ್ಗೆ. ಸಂಶಯ ಬರ್ಬೇಕಾದಲ್ಲಿ ಮಾತ್ರ ಬರ್ಲಿಲ್ಲ," ಎಂದಳು.

ಮಾಸ್ತಿ ಬಸ್ಸು ಹತ್ತಿ ಹೆಬಳೆಗೆ ಹೋದ. ಅದೆಲ್ಲ ಪೆನ್ಷನ್ನಿಗಾಗಿ ಕಟ್ಟಿದ ಮಾತು, ನನಗೆ ಏನೂ ಆಗಿಲ್ಲ ಎಂದು ಹೇಳಿಬಿಡುವುದೆಂದು ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡ. ಹಾಗೆ ಹೇಳಿದರೆ ಮೇಲ್ಮನವಿ ಅಲ್ಲಿಗೇ ಮುಗಿಯುತ್ತದೆ, ಇಂಥ ಮಾತು ಬೋರ್ಡಿನ ಕಿವಿಗೆ ಬೀಳದೆ ಇರುವುದಿಲ್ಲ. ಹೋದರೆ ಹೋಗಲಿ, ಮಗಳಿಗಿಂತ ದೊಡ್ಡದೇ?

ಸುಜಯ ಮರ್ಯಾದೆಯ ಮನುಷ್ಯ. ಚಾ ಕೊಟ್ಟು, ತಾನೇ ದಾರಿ ಮಾಡಿಕೊಟ್ಟ.

"ಮಾಸ್ತಿಯಣ್ಣ, ಅದೆಲ್ಲ ಸುಳ್ಳು ಅಂತ ಒಂದ್ ಮಾತು ಹೇಳಿ. ನಾ ಅಕ್ಕನ್ನ ಒಪ್ಪಿಸ್ತೆ."

ಬಾಯಿಗೆ ಬಂದ ಮಾತನ್ನು ಮಾಸ್ತಿ ಅಲ್ಲೇ ತಡೆದ. ಹಾಳು ಸಂಶಯ ಇಲ್ಲೂ ಅಡ್ಡ ಬಂತು. ತಿಮ್ಮಿ ಹೇಳಿದ್ದೇನು ಎಂದು ಕೇಳಿದ.

"ನಿಮ್ಮ ಉಸ್ರು ನಿಂತ್ಕಂಡ್ರೆ ಗೋಡೆಯಾಚೆ ಅವ್ಳೂ ಎದ್ದು ಕೂತ್ಕಂಬ್ದಂತೆ, ಉಸ್ರು ತಿರುಗಿ ಬಂದ್ ಮೇಲೇ ಮಲಗೂದಂತೆ. ಮತ್ತೆ ಪ್ರದೀಪಾ, ತಲೆ ತಗ್ಸು, ತಲೆ ತಗ್ಸು ಅಂತ ನೀವು ಕೂಗೂದು ಕೇರಿಗೆಲ್ಲ ಕೇಳ್ತದಂತೆ."

ಮಾಸ್ತಿ ಚಾ ಲೋಟ ಕೆಳಗಿಟ್ಟ. ಪ್ರದೀಪನ ಹೆಸರನ್ನು ಅವನು ಈ ಊರಿನಲ್ಲಿ ಯಾರ ಮುಂದೆಯೂ ಎತ್ತಿರಲಿಲ್ಲ. ಬಂಕರಿನಲ್ಲಿ ಪಕ್ಕದಲ್ಲೇ ಇದ್ದವನು, ಒಂದು ಗಳಿಗೆ ತಲೆ ಎತ್ತಿದವನು. ಹೇಳಿಕೊಟ್ಟ ಪಾಠದಲ್ಲಿ ಅವನಿರಲಿಲ್ಲ. ತನಗೇ ಗೊತ್ತಿಲ್ಲದ ತನ್ನ ಕಾಯಿಲೆಗೆ ಇಡೀ ಕೇರಿ ಎಷ್ಟೋ ವರ್ಷದಿಂದ ಎಚ್ಚರವಿತ್ತು, ತಾನು ಹೋಗಿ ಅವರಿಗೇ ಅದನ್ನು ಸುಳ್ಳಿನಂತೆ ಕಲಿಸಿದ್ದ. ನಾಚಿಕೆಯಾಯಿತು. ಅದರ ಜೊತೆಗೇ, ಎಷ್ಟೋ ಕಾಲದ ಮೇಲೆ, ಸಮಾಧಾನವೂ ಆಯಿತು.

"ಸುಳ್ಳಲ್ಲ ಸುಜಯ. ಅದು ಖರೆ," ಎಂದ.

ಯೋಚನೆ ಮಾಡಿ ತಿಳಿಸುತ್ತೇವೆ ಎಂದ ಸುಜಯ. ಅದರ ಅರ್ಥ ಮಾಸ್ತಿಗೆ ಗೊತ್ತಿತ್ತು.

ಮನೆಯ ಜಗಲಿಯಲ್ಲಿ ಸುಚಿತಾ ಕಾಯುತ್ತಿದ್ದಳು. ನಡೆದದ್ದನ್ನು ಮಾಸ್ತಿ ನೆಲ ನೋಡುತ್ತಲೇ ಹೇಳಿದ. ಅವಳು ಕಣ್ಣು ಒರೆಸಿಕೊಂಡಳು. ಆಮೇಲೆ ಚಾಪೆಯ ಮೇಲೆ ಅವನಿಗೆ ಜಾಗ ಬಿಟ್ಟು ಸರಿದು ಕೂತಳು.

"ಎಷ್ಟೋ ವರ್ಷದಿಂದ ಕೇಳ್ಬೇಕು ಅಂದ್ಕಂಡಿದ್ದೆ ಅಪ್ಪಾ. ಪ್ರದೀಪ ಅಂದ್ರೆ ಯಾರು?"

ಮಾಸ್ತಿ ಚಪ್ಪಲಿ ಕಳಚಿ ಅವಳ ಪಕ್ಕದಲ್ಲಿ ಕೂತ.