ಹಾಲು ಬಂದ ಮೇಲೆ

ಫ್ರೀಜರ್ ಪೆಟ್ಟಿಗೆ ಓಣಿಯಲ್ಲಿ ಸಿಕ್ಕಿಕೊಂಡಿತು. ಒಂದು ಕಡೆ ಕಾಂಪೌಂಡ್ ಗೋಡೆ, ಇನ್ನೊಂದು ಕಡೆ ಮನೆಯ ಗೋಡೆ, ನಡುವೆ ತರಕಾರಿ ಚೀಲ ಹಿಡಿದವರು ಅಡ್ಡಡ್ಡ ನಡೆಯಬೇಕಾದಷ್ಟು ಜಾಗ. ಹಿಂದಿನಿಂದ ತಳ್ಳಿದರು, ಮುಂದಿನಿಂದ ಎಳೆದರು. ಪೆಟ್ಟಿಗೆ ಜಪ್ಪಯ್ಯ ಅನ್ನಲಿಲ್ಲ.

"ಇದೇ ಓಣೀನ ಅಣ್ಣ 'ಬೈಕ್ ಪಾರ್ಕಿಂಗ್ ಇದೆ ಸಾರ್' ಅಂತ ತೋರಿಸ್ತಿದ್ದ," ಎಂದ ದಿನೇಶ, ಬೆವರು ಒರೆಸಿಕೊಳ್ಳುತ್ತ. ಅವನೂ ಮನೆ ಬ್ರೋಕರೇ. ಈ ಬೆಳಿಗ್ಗೆ ತೀರಿಕೊಂಡ ಉಗ್ರಪ್ಪನ ಸ್ಕೂಟರಿನ ಹಿಂದೆ ಕೂತು ಕಸುಬು ಕಲಿತವನು. ತಮಾಷೆಯಾಗಿ ಶುರು ಮಾಡಿದ ಮಾತು ಮುಗಿಯುವಷ್ಟರಲ್ಲಿ ಅವನಿಗೇ ಅಳು ಬಂತು.

ಕೊನೆಗೆ ಪೆಟ್ಟಿಗೆಯನ್ನು ವಾಪಸು ಎಳೆದು, ರಸ್ತೆಯಲ್ಲೇ ಶಾಮಿಯಾನ ಹಾಕಿ, ಉಗ್ರಪ್ಪನನ್ನೇ ಹೊರಗೆ ಹೊತ್ತು ತಂದರು. ಕುಮಾರಸ್ವಾಮಿ ಲೇಔಟಿನ ಅರ್ಧ ಬಾಡಿಗೆ ಮನೆಗಳಿಗೆ ಹಾಲು ಉಕ್ಕಿಸಲು ಜನರನ್ನು ಕರೆತಂದಿದ್ದ ಮನುಷ್ಯ ತನ್ನ ಬಾಡಿಗೆ ಮನೆಯ ಗೇಟಿನ ಮುಂದೆ ಮಲಗಿದ. ತಲೆಯ ಮೇಲೆ ಗೇಟಿಗೆ ತೂಗುಹಾಕಿದ್ದ ತಗಡಿನ ಬೋರ್ಡು: ಮನೆ ಬಾಡಿಗೆಗೆ ಇದೆ, ಉಗ್ರಪ್ಪ, ಕೆಳಗೆ ಫೋನ್ ನಂಬರು. ಮೇಲಿನ ಮನೆ ಖಾಲಿಯಾಗಿ ವರ್ಷ ಕಳೆದಿತ್ತು.

"ಬೋರ್ಡ್ ತೆಗೀಲಾ ಅತ್ತಿಗೆ?" ಎಂದು ದಿನೇಶ ಉಗ್ರಪ್ಪನ ಹೆಂಡತಿ ಲತಾಮಣಿಯನ್ನು ಕೇಳಿದ.

"ಇರ್ಲಿ ಬಿಡಪ್ಪ. ಅದೇನ್ ಮಾಡ್ತದೆ," ಎಂದವಳು ಮುನಿಯಕ್ಕ. ಮನೆಯ ಒಡತಿ ಅವಳೇ. ಈ ರಸ್ತೆ ರಾಗಿ ಹೊಲವಾಗಿದ್ದಾಗ ಕಳೆ ಕಿತ್ತವಳು, ಈಗ ಎದುರು ಮನೆಯ ಜಗಲಿಯ ಮೇಲೆ ಕೂತು ಬಾಡಿಗೆ ಎತ್ತುವವಳು. ಈ ಕಟ್ಟಡದ ಮೇಲೆ ಬ್ಯಾಂಕಿನ ಸಾಲವಿತ್ತು. ಖಾಲಿ ಮನೆಯ ಬೋರ್ಡು ಇಳಿಸಲು ಅವಳಿಗೆ ಧೈರ್ಯ ಬರಲಿಲ್ಲ.

ಲತಾಮಣಿಯ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಗಂಡನ ಫೋನು ಬಡಿದುಕೊಂಡಿತು. ಮಗಳು ಪದ್ಮಶ್ರೀ ತೆಗೆದುಕೊಂಡಳು.

"ಉಗ್ರಪ್ಪ ಅಂಕಲ್ ಇಲ್ವಾ? ನಾನು ಶಾಲಿನಿ ಅಂತ. ಬೆಳಿಗ್ಗೆ ಮನೆ ನೋಡೋಕೆ ಬನ್ನಿ ಅಂದಿದ್ರು. ನಂಗೆ ಸ್ಕ್ಯಾನಿಂಗ್ ಇದೆ, ಸಾಯಂಕಾಲ ಬರ್ತೀವಿ ಅಂತ ಹೇಳ್ಬಿಡಿ."

"ಅಪ್ಪ ಇಲ್ಲ," ಎಂದಳು ಪದ್ಮಶ್ರೀ.

"ಬಂದ್ಮೇಲೆ ಹೇಳಿ, ಪ್ಲೀಸ್," ಎಂದು ಆ ಕಡೆಯವಳು ಇಟ್ಟುಬಿಟ್ಟಳು.

ಬೇಗೂರಿನಿಂದ ಉಗ್ರಪ್ಪನ ಅಣ್ಣನ ಮಗ ರಘು ಬಂದ. ಕೊಳ್ಳಿ ಇಡುವವನು ಅವನೇ. ಮೊಬೈಲಿನಲ್ಲೇ ಮನೆ ಹುಡುಕುವ ಕಾಲ ಬಂದ ಮೇಲೆ ಉಗ್ರಪ್ಪನ ಸಂಪಾದನೆ ಬತ್ತಿತ್ತು. ಅಣ್ಣನ ಮನೆಯವರು ಬಂದು ಹೋಗುವುದನ್ನೂ ಬಿಟ್ಟಿದ್ದರು. ಹೂವಿನ ಹಾರ ತಂದದ್ದೇ ದೊಡ್ಡದು ಎಂದುಕೊಂಡಳು ಲತಾಮಣಿ.

ಆಗ ಮುನಿಯಕ್ಕ ಅವಳ ಪಕ್ಕ ಬಂದು ಕುಕ್ಕರಗಾಲಿನಲ್ಲಿ ಕೂತಳು. ಕೈಯಲ್ಲಿ ಗೋಡೆಯಿಂದ ಬಿಚ್ಚಿ ತಂದ ಕ್ಯಾಲೆಂಡರು. ಹಿಂದೆ ಅವಳ ಮಗ ಪ್ರಸನ್ನ.

"ಏನವ್ವಾ ಲತಾ, ಉಸ್ರು ಹೋಗಿದ್ದು ಎಷ್ಟೊತ್ಗೆ?"

ಲತಾಮಣಿ ತಲೆಯೆತ್ತಿದಳು.

"ಬೆಳಕರಿಯೋವರ್ಗೂ ರೇವತಿ ಅಂತೆ, ಆಮೇಲೆ ಅಶ್ವಿನಿ ಅಂತೆ. ಇವ್ನು ಓದಿ ಹೇಳ್ದ. ರೇವತಿ ಪಂಚಕದ ನಕ್ಷತ್ರ ಕಣವ್ವ. ಅದ್ರಲ್ಲಿ ಹೋದ್ರೆ ಮನೆಗೆ ಬೀಗ ಜಡೀಬೇಕು, ಮೂರು ತಿಂಗ್ಳು. ಇಲ್ದಿದ್ರೆ ಆ ಮನೇಲಿ ಒಬ್ರ ಹಿಂದೆ ಒಬ್ರು ಹೋಯ್ತಾರೆ. ನಮ್ ಮಾವ ಹೋದಾಗ ಯಾರೂ ಮನೆ ಬಿಡ್ಲಿಲ್ಲ. ವರ್ಷ ತುಂಬೋಕೆ ಮುಂಚೆ ನನ್ ಎರಡ್ನೇ ಕೂಸು ಹೋಯ್ತು." ಮುನಿಯಕ್ಕ ಬೆದರಿಸುತ್ತಿರಲಿಲ್ಲ. ಅವಳ ಕಣ್ಣಿನಲ್ಲಿ ನಿಜವಾದ ಭಯವಿತ್ತು. "ನಿನ್ನ ಓಡಿಸ್ಬೇಕು ಅಂತಲ್ಲ. ಸಂಜೆ ದೀಪ ಇಡೋಕೆ ಮುಂಚೆ ಗೊತ್ತಾಗ್ಬೇಕು. ಯಾವಾಗ ಹೋಗಿದ್ದು?"

ಸುತ್ತ ಕೂತ ಹೆಂಗಸರು ಅಳುವುದನ್ನು ನಿಲ್ಲಿಸಿ ಲತಾಮಣಿಯ ಬಾಯಿ ನೋಡಿದರು.

*

ಆದದ್ದು ಇಷ್ಟು. ಇನ್ನೂ ಕತ್ತಲಿತ್ತು. ಗಣಪತಿ ಗುಡಿಯ ಮೈಕು ಶುರುವಾಗಿರಲಿಲ್ಲ. ಉಗ್ರಪ್ಪ ಎದ್ದು ಕೂತು ಎದೆ ನೀವಿಕೊಳ್ಳುತ್ತ ನೀರು ಕೇಳಿದ. ಆಸ್ಪತ್ರೆಗೆ ಹೋಗೋಣ ಎಂದಳು. "ಗ್ಯಾಸು ಕಣೆ. ಪದ್ಮನ್ನ ಎಬ್ಬಿಸ್ಬೇಡ, ಪಾಪ, ಕೆಲಸಕ್ಕೆ ಹೋಗ್ಬೇಕು," ಎಂದ. ಅರ್ಧ ಲೋಟ ನೀರು ಕುಡಿದು ಅವಳ ಭುಜಕ್ಕೆ ಒರಗಿದ. ಸ್ವಲ್ಪ ಹೊತ್ತಿಗೆ ಆ ಭಾರ ಬೇರೆಯಾಯಿತು. ಅವಳಿಗೆ ತಿಳಿಯಿತು.

ಕೂಗಬೇಕಿತ್ತು. ಕೂಗಲಿಲ್ಲ. ಕೂಗಿದರೆ ಜನ ಬರುತ್ತಾರೆ, ಬಂದವರು ಅವನನ್ನು ಇವಳ ಭುಜದಿಂದ ಬಿಡಿಸಿ ಮಲಗಿಸುತ್ತಾರೆ, ಅಲ್ಲಿಂದ ಮುಂದೆ ಅವನು ಎಲ್ಲರವನು. ಫೋನೆಂಬುದು ಕೈಗೆ ಬಂದಾಗಿನಿಂದ ಈ ಮನುಷ್ಯ ಇಷ್ಟು ಹೊತ್ತು ಸುಮ್ಮನೆ ಅವಳ ಪಕ್ಕ ಕೂತದ್ದೇ ಇರಲಿಲ್ಲ. ಬೆಚ್ಚಗಿದ್ದ ಕೈ ಹಿಡಿದು ಕೂತೇ ಇದ್ದಳು. ಮೈಕು ಶುರುವಾಯಿತು. ಕಿಟಕಿ ಬೆಳ್ಳಗಾಯಿತು. ಗೇಟಿನ ಹತ್ತಿರ ಹಾಲಿನ ಪ್ಯಾಕೆಟ್ಟು ಬಿದ್ದ ಸದ್ದಾಯಿತು.

ಅವನನ್ನು ದಿಂಬಿಗೆ ಒರಗಿಸಿ, ಹೋಗಿ ಹಾಲು ತಂದು ಅಡುಗೆಮನೆಯಲ್ಲಿಟ್ಟಳು. ನಾಯಿ ಎಳೆದುಕೊಂಡು ಹೋಗಬಾರದಲ್ಲ. ಅದಾದ ಮೇಲೆ ಬಂದು ಕೂಗಿದಳು.

*

"ಹಾಲು ಬಂದ್ಮೇಲೆ," ಎಂದಳು ಲತಾಮಣಿ.

"ಹೌದು ಅಜ್ಜಿ," ಎಂದಳು ಪದ್ಮಶ್ರೀ ಮೂಗು ಒರೆಸಿಕೊಂಡು. "ಅಮ್ಮ ಕೂಗ್ದಾಗ ಚೆನ್ನಾಗಿ ಬೆಳಕಾಗಿತ್ತು. ಹಾಲಿನ ಪ್ಯಾಕೆಟ್ ಒಳಗೇ ಇತ್ತು."

ಮುನಿಯಕ್ಕ ಕ್ಯಾಲೆಂಡರು ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು, ದೇವರು ದೊಡ್ಡವನು ಎಂದು ಕೈಮುಗಿದಳು. ಪುಣ್ಯಾತ್ಮ ಒಳ್ಳೆ ನಕ್ಷತ್ರ ನೋಡಿಕೊಂಡೇ ಹೋದ ಎಂದು ಇನ್ನೊಬ್ಬಳು ಹೇಳಿ, ನಿಂತಿದ್ದ ಅಳುವನ್ನು ಮತ್ತೆ ಎತ್ತಿಕೊಂಡಳು. ಲತಾಮಣಿ ಮಗಳ ಮುಖ ನೋಡಲಿಲ್ಲ. ಸುಳ್ಳು ಇವಳದು, ಸಾಕ್ಷಿ ಹೇಳಿದ್ದು ಆ ಕೂಸು. ಇವತ್ತಿನಿಂದ ಆ ಕೂಸು ಮಲಗಬೇಕಾದದ್ದೂ ಅದೇ ಮನೆಯಲ್ಲಿ.

ಅವಳಿಗೆ ನಕ್ಷತ್ರದಲ್ಲಿ ನಂಬಿಕೆ ಇಲ್ಲದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಂಬಿಕೆ ಇತ್ತು. ಮುನಿಯಕ್ಕನಿಗೆ ಇದ್ದಷ್ಟೇ ಇತ್ತು. ಹಾಗಂತ ನಿಜ ಹೇಳಿ ಹೋಗುವುದೆಲ್ಲಿಗೆ? ಮುನಿಯಕ್ಕ ಜಗಲಿಯಲ್ಲಿ ಮಗನಿಂದ ಕ್ಯಾಲೆಂಡರು ಓದಿಸುವುದನ್ನು ಕಂಡಾಗಲೇ ದಿನೇಶನನ್ನು ಪಕ್ಕಕ್ಕೆ ಕರೆದು, ಎಲ್ಲಾದರೂ ಒಂದು ರೂಮು ಸಿಗುತ್ತದಾ ಎಂದು ಸುಮ್ಮನೆ ಕೇಳಿದವಳಂತೆ ಕೇಳಿದ್ದಳು.

"ಯಾಕತ್ತಿಗೆ, ಏನಾದ್ರೂ ಅಂದ್ರಾ ಮುನಿಯಕ್ಕ?" ಎಂದು ಅವನು ತಲೆ ಕೆರೆದುಕೊಂಡಿದ್ದ. "ಸೂತಕ ಕಳೆಯೋವರ್ಗೂ ಯಾರೂ ಬೀಗದ ಕೈ ಕೊಡಲ್ಲ. ಕಳೆದ್ಮೇಲೂ, ಗಂಡಸಿಲ್ಲದ ಮನೆ ಅಂದ್ರೆ ನೂರು ಕೇಳ್ತಾರೆ. ನಿಮ್ಗೆ ಗೊತ್ತಿಲ್ದೇ ಇರೋದಾ."

ಗೊತ್ತಿತ್ತು. ಬ್ರೋಕರನ ಹೆಂಡತಿಗೆ ಅದು ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು. ಅವಳಿಗೆ ಎರಡೇ ಬಾಗಿಲು: ಒಂದು ಬೀದಿಗೆ, ಒಂದು ರೇವತಿ ನಕ್ಷತ್ರಕ್ಕೆ. ಅವಳು ಎರಡನೆಯದನ್ನು ಹಿಡಿದಿದ್ದಳು.

ಮಧ್ಯಾಹ್ನಕ್ಕೆ ಮುಂಚೆಯೇ ಗಂಡಸರು ಉಗ್ರಪ್ಪನನ್ನು ಬನಶಂಕರಿಯ ಚಿತಾಗಾರಕ್ಕೆ ತೆಗೆದುಕೊಂಡು ಹೋದರು. ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ಲತಾಮಣಿ ನೋಡಿದಳು. ಆಮೇಲೆ ಹೆಂಗಸರು ಅವಳ ತಲೆಯ ಮೇಲೆ ನೀರು ಸುರಿದರು. ಪದ್ಮಶ್ರೀ ಮನೆ ತೊಳೆದಳು. ಅರ್ಧ ತೊಳೆಯುವಷ್ಟರಲ್ಲೇ ಮೇಲಿನ ಟ್ಯಾಂಕು ಬರಿದಾಯಿತು.

*

ಉಗ್ರಪ್ಪ ಸುಳ್ಳು ಹೇಳುತ್ತಿರಲಿಲ್ಲ ಎಂದರೆ ಅವನ ಆತ್ಮವೇ ನಗುತ್ತದೆ. ಮನೆಗಳನ್ನು ಬೆಳಿಗ್ಗೆಯೇ ತೋರಿಸುತ್ತಿದ್ದ, ಬಿಸಿಲು ಒಳಗೆ ಬೀಳುವುದು ಆಗ ಮಾತ್ರ ತಾನೆ. ಕಾವೇರಿ ನೀರು ಇಪ್ಪತ್ತನಾಲ್ಕು ಗಂಟೆ ಎನ್ನುತ್ತಿದ್ದ. ಗೋಡೆಯ ತೇವದ ಕಲೆಯ ಮುಂದೆ ಬೆನ್ನು ಕೊಟ್ಟು ನಿಂತು ಮಾತಾಡುತ್ತಿದ್ದ. ತಗಡಿನ ಬೋರ್ಡುಗಳನ್ನು ನಡುಮನೆಯಲ್ಲಿ ಹರಡಿಕೊಂಡು ಎರಡೂ ಮಗ್ಗುಲಿಗೆ ತಾನೇ ಬರೆಯುತ್ತಿದ್ದ. ಒಳಮಗ್ಗುಲಿಗೆ ಯಾಕೆ ಬಣ್ಣ ದಂಡ ಎಂದರೆ, "ಓನರ್‌ಗಳಿಗೆ ಮರೆವು ಜಾಸ್ತಿ ಕಣೆ. ಬ್ರೋಕರ್ ಯಾರು ಅಂತ ಒಳಗಿದ್ದೋರಿಗೂ ನೆನಪಿರ್ಬೇಕು," ಎನ್ನುತ್ತಿದ್ದ.

ಒಂದು ವಿಷಯವನ್ನು ಮಾತ್ರ ಮುಚ್ಚಿಡುತ್ತಿರಲಿಲ್ಲ. ಕೈ ತೀರಾ ಬರಿದಾಗಿದ್ದ ಕಾಲವದು, ತಿಂಗಳುಗಟ್ಟಲೆ ಒಂದು ಮನೆಯೂ ಕುದುರಿರಲಿಲ್ಲ. ಯಡಿಯೂರು ಕೆರೆಯ ಹತ್ತಿರದ ಒಂದು ಮನೆಯನ್ನು ಬ್ಯಾಂಕಿನವರೊಬ್ಬರು ಒಪ್ಪಿ, ಅಡ್ವಾನ್ಸಿಗೆ ಚೆಕ್ ಪುಸ್ತಕ ತೆಗೆದಿದ್ದರು. ಇವನು ಅವರನ್ನು ಗೇಟಿನಾಚೆ ಕರೆದು, "ಸಾರ್, ಹೋದ ತಿಂಗಳು ಈ ಮನೇಲಿ ಒಬ್ರು ಹೋಗಿದಾರೆ. ನಕ್ಷತ್ರ ಸರಿ ಇರ್ಲಿಲ್ಲ. ನೋಡ್ಕೊಳ್ಳಿ," ಎಂದನಂತೆ. ಅವರು ಕಾರು ಹತ್ತಿ ಹೋದರು. ಓನರು ಇವನ ಜನ್ಮ ಜಾಲಾಡಿದ.

ಆ ರಾತ್ರಿ ಲತಾಮಣಿಯೂ ಬಿಡಲಿಲ್ಲ. "ಬಾಯಿ ಮುಚ್ಕೊಂಡಿದ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನೀರಿನ ವಿಷಯ ಸುಳ್ಳು ಹೇಳಲ್ವಾ? ಬಿಸಿಲಿನ ವಿಷಯ ಹೇಳಲ್ವಾ?"

ಅವನು ಅನ್ನ ಕಲಸುತ್ತಲೇ ಹೇಳಿದ್ದ: "ನೀರು ಬರಲ್ಲ ಅಂದ್ರೆ ಟ್ಯಾಂಕರ್ ಹಾಕಿಸ್ಕೋತಾರೆ. ಬಿಸಿಲಿಲ್ಲ ಅಂದ್ರೆ ಲೈಟ್ ಹಾಕಿಸ್ಕೋತಾರೆ. ಇದಕ್ಕೆ ಏನ್ ಹಾಕಿಸ್ಕೋತಾರೆ ಹೇಳು?"

ಅವಳು ಸಿಟ್ಟಿನಲ್ಲಿ ತನ್ನ ತಟ್ಟೆ ಎತ್ತಿಕೊಂಡು ಎದ್ದು ಹೋಗಿದ್ದಳು.

*

ಸಂಜೆ ಉಗ್ರಪ್ಪ ಮಲಗುತ್ತಿದ್ದ ಜಾಗದಲ್ಲಿ ದೀಪ ಹಚ್ಚಿ, ಗಂಡನ ಫೋನನ್ನು ಅದರ ಪಕ್ಕದಲ್ಲಿಟ್ಟು ಲತಾಮಣಿ ಹೊರಗೆ ಬಂದಾಗ ಗೇಟಿನ ಹತ್ತಿರ ಸ್ಕೂಟರೊಂದು ನಿಂತಿತು. ಇಳಿದವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಇಳಿದಳು. ಆರೋ ಏಳೋ ತಿಂಗಳಿರಬೇಕು. ಅವಳ ಗಂಡ ಬೋರ್ಡಿನ ನಂಬರನ್ನು ಫೋನಿನ ನಂಬರಿಗೆ ತಾಳೆ ನೋಡಿದ. ಆಗ ಇಬ್ಬರೂ ಮೂಲೆಯಲ್ಲಿದ್ದ ಬೂದಿ, ಚೆಲ್ಲಿದ ಹೂವು ಕಂಡು ನಿಂತುಬಿಟ್ಟರು.

"ಉಗ್ರಪ್ಪ ಅಂಕಲ್..." ಎಂದಳು ಶಾಲಿನಿ.

ಎದುರು ಜಗಲಿಯಿಂದ ಮುನಿಯಕ್ಕ ದಡದಡ ಇಳಿದು ಬಂದಳು. "ಅವ್ರೇ ಕಣಮ್ಮ ಹೋಗಿದ್ದು, ಬೆಳಿಗ್ಗೆ. ಎದೆನೋವು. ನೀವು ಮನೆ ನೋಡೋಕೆ ಬಂದಿರಾ? ಮೇಲ್ಗಡೆ ಮನೆ ಬೇರೆ, ಮೆಟ್ಲು ಬೇರೆ, ಏನೂ ಸಂಬಂಧ ಇಲ್ಲ."

ಗಂಡ ಹಿಂದೆ ಸರಿದ. "ಬೇಡ ಶಾಲೂ, ಬೇರೆ ನೋಡೋಣ."

"ಎಷ್ಟು ನೋಡೋದು? ತಿಂಗ್ಳ ಕೊನೆಗೆ ಖಾಲಿ ಮಾಡ್ಬೇಕಲ್ಲ," ಎಂದಳು ಆ ಹುಡುಗಿ. ಅವಳ ಕಾಲುಗಳು ಊದಿಕೊಂಡಿದ್ದವು.

"ಅಯ್ಯೋ ಹೆದರ್ಬೇಡ ಕಣಮ್ಮ. ಕ್ಯಾಲೆಂಡರ್ ನೋಡಿದೀನಿ," ಎಂದಳು ಮುನಿಯಕ್ಕ. "ಒಳ್ಳೆ ನಕ್ಷತ್ರದಲ್ಲೇ ಹೋಗಿರೋದು. ಮನೆಗೆ ಒಂದ್ ಚೂರೂ ದೋಷ ಇಲ್ಲ. ಬೇಕಾದ್ರೆ ಇವ್ರನ್ನೇ ಕೇಳು, ಹೆಂಡ್ತಿ."

ಶಾಲಿನಿ ತಿರುಗಿದಳು. "ಹೌದಾ ಆಂಟಿ?"

ಬೆಳಿಗ್ಗೆ ಹೇಳಿದ ಸುಳ್ಳು ತನ್ನ ಕತ್ತಿಗೆ, ಹೆಚ್ಚೆಂದರೆ ಮಗಳ ಕತ್ತಿಗೆ ಎಂದುಕೊಂಡಿದ್ದಳು ಲತಾಮಣಿ. ಅದು ಸಂಜೆಯೊಳಗೆ ಗೇಟು ದಾಟಿ ಮೂರನೆಯವಳ ಹೊಟ್ಟೆಯೊಳಗಿನ ಕೂಸಿನ ತನಕ ಬಂದಿತ್ತು. ಒಳಗೆ ಪದ್ಮಶ್ರೀ ಹಾಸಿಗೆ ಕೊಡವುತ್ತಿದ್ದಳು. ನಿಜ ಹೇಳಿದರೆ ಆ ಹಾಸಿಗೆ ಇವತ್ತೇ ಬೀದಿಗೆ.

"ನೀರು ಬರಲ್ಲಮ್ಮ," ಎಂದಳು.

"ಏನಾಂಟಿ?"

"ಮೇಲಿನ ಮನೆಗೆ ಕಾವೇರಿ ನೀರು ಹತ್ತಲ್ಲ. ಟ್ಯಾಂಕು ಮಧ್ಯಾಹ್ನಕ್ಕೆಲ್ಲ ಖಾಲಿ. ಇವತ್ತೂ ಖಾಲಿ. ಬಸುರಿ ಹೆಂಗ್ಸು ಬಕೆಟ್ ಹೊರೋಕಾಗತ್ತಾ?" ಮಾತು ಒಮ್ಮೆ ಶುರುವಾದ ಮೇಲೆ ಅವಳು ನಿಲ್ಲಿಸಲಿಲ್ಲ. "ಬೆಡ್‌ರೂಮ್ ಗೋಡೆ ತೇವ. ಸುಣ್ಣ ಹೊಡೆದು ಮುಚ್ಚಿದಾರೆ, ಮಳೆ ಬಂದ್ರೆ ಮತ್ತೆ ಏಳತ್ತೆ. ಕೂಸಿಗೆ ಶೀತ ಆಗತ್ತೆ. ಬಿಸಿಲು ಬೆಳಿಗ್ಗೆ ಅಷ್ಟೇ, ಅದಕ್ಕೇ ನಿಮ್ಮನ್ನ ಬೆಳಿಗ್ಗೆ ಬನ್ನಿ ಅಂದಿದ್ದು. ಪಾರ್ಕಿಂಗ್ ಇಲ್ಲ. ಇವತ್ತು ಹೆಣದ ಪೆಟ್ಟಿಗೇನೇ ಈ ಓಣೀಲಿ ಹೋಗ್ಲಿಲ್ಲ."

ಗಂಡ ಬದುಕಿದ್ದಷ್ಟು ಕಾಲ ಬೆನ್ನು ಕೊಟ್ಟು ಮರೆಮಾಡಿದ್ದನ್ನೆಲ್ಲ ಅವಳು ಒಂದೇ ಉಸಿರಿಗೆ ಬೀದಿಯಲ್ಲಿ ಇಟ್ಟಳು. ಒಂದನ್ನು ಬಿಟ್ಟು.

ಶಾಲಿನಿಯ ಗಂಡ ಅವಳ ಕೈ ಹಿಡಿದ. "ಥ್ಯಾಂಕ್ಸ್ ಆಂಟಿ. ಯಾರೂ ಇಷ್ಟು ನಿಜ ಹೇಳಲ್ಲ," ಎಂದಳು ಶಾಲಿನಿ. ಸ್ಕೂಟರು ಹೊರಟಿತು.

ಮುನಿಯಕ್ಕನ ಮುಖ ಕೆಂಪಗಾಗಿತ್ತು. "ಉಂಡ ಮನೆಗೆ ಹಿಂಗ್ ಮಾಡ್ತಾರಾ? ನಿನ್ ಗಂಡ ಇದ್ದಿದ್ರೆ..." ಎಂದು ಶುರು ಮಾಡಿದವಳು ನಡುವೆಯೇ ನಿಂತಳು. ಉಗ್ರಪ್ಪ ಯಾವ ಮನೆಗಳಿಂದ ಗಿರಾಕಿಗಳನ್ನು ವಾಪಸು ಕಳಿಸುತ್ತಿದ್ದ ಎಂಬುದು ಲೇಔಟಿನ ಓನರುಗಳಿಗೆಲ್ಲ ಗೊತ್ತಿತ್ತು. ಬಸುರಿ ಹುಡುಗಿ ಹೋದ ದಿಕ್ಕನ್ನು ನೋಡಿದಳು. ಆಮೇಲೆ ಲತಾಮಣಿಯನ್ನು ನೋಡಿದಳು. ದನಿ ತಗ್ಗಿತು.

"ಯಾವಾಗ ಅಂದೆ, ಲತಾ? ಹಾಲು ಬರೋಕ್ ಮುಂಚೇನೋ, ಬಂದ್ಮೇಲೋ?"

ಒಳಗಿನಿಂದ ಮಗಳು ಚಾಪೆ ಹಾಸುವ ಸದ್ದು ಕೇಳಿಸಿತು.

"ಬಂದ್ಮೇಲೆ."

ಮುನಿಯಕ್ಕ ರಸ್ತೆ ದಾಟಿ ಜಗಲಿ ಹತ್ತಿ ಕೂತಳು. ಒಳಗೆ ಹೋಗಲಿಲ್ಲ, ಲೈಟೂ ಹಾಕಲಿಲ್ಲ. ಅಲ್ಲಿಂದ ಈ ಬಾಗಿಲನ್ನೇ ನೋಡುತ್ತಿದ್ದಳು.

ಇನ್ನು ಯಾರೂ ಬರುವುದು ಬೇಡ ಎನಿಸಿತು ಲತಾಮಣಿಗೆ. ಗೇಟಿಗೆ ಹೋಗಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಬೋರ್ಡನ್ನು ಕೊಂಡಿಯಿಂದ ಬಿಡಿಸಿ ಮಗುಚಿ ತೂಗುಹಾಕಿದಳು. ಮಗುಚಿದ ಮಗ್ಗುಲಿನಲ್ಲೂ ಅದೇ ನೀಲಿ ಅಕ್ಷರಗಳಿದ್ದವು, ಅವನದೇ ದುಂಡು ಬರಹ: ಮನೆ ಬಾಡಿಗೆಗೆ ಇದೆ, ಉಗ್ರಪ್ಪ, ಕೆಳಗೆ ನಂಬರು. ಒಳಗೆ ದೀಪದ ಪಕ್ಕದಲ್ಲಿಟ್ಟಿದ್ದ ಫೋನು ಬಡಿದುಕೊಳ್ಳತೊಡಗಿತು.