ಮುನ್ನುಡಿ ಬರೆದು ಸವೆದ ಪೆನ್ನು

ನಾನು ಒಂದು ಮಸಿ ಪೆನ್ನು. ಸಣ್ಣ ಕಾರ್ಖಾನೆಯೊಂದರಲ್ಲಿ ನನ್ನ ಮೈಯನ್ನು ಉಜ್ಜಿ ಉಜ್ಜಿ ನುಣುಪು ಮಾಡಿದಾಗ ಏನೇನೋ ಕನಸು ಕಂಡಿದ್ದೆ. ಸೇರಿದ್ದು ಮಾತ್ರ ಧಾರವಾಡದ ನಿವೃತ್ತ ಪ್ರೊಫೆಸರ್ ಗುರುಲಿಂಗಪ್ಪ ಹಂಚಿನಾಳರ ಜೇಬು. ನನ್ನ ಕರ್ಮ!

ಹೊಸಬರು ತಮ್ಮ ಪುಸ್ತಕಕ್ಕೆ ದೊಡ್ಡವರಿಂದ ಮುನ್ನುಡಿ ಬರೆಸುವುದು ನಮ್ಮ ಕಡೆಯ ರೂಢಿ. ಹಂಚಿನಾಳರಿಗೆ ಅದೇ ಕಸುಬು. ಹಸ್ತಪ್ರತಿಯ ಕಟ್ಟನ್ನು ಬಿಚ್ಚುತ್ತಲೇ ಇರಲಿಲ್ಲ. ಅದರ ಮೇಲೆ ಚಹಾದ ಕಪ್ಪು ಇಟ್ಟುಕೊಂಡು, ‘ಮಣ್ಣಿನ ವಾಸನೆ’, ‘ಭರವಸೆಯ ದನಿ’ ಎಂದು ನನ್ನಿಂದ ಗೀಚಿಸುತ್ತಿದ್ದರು. ಥೂ! ಕಪಾಟಿನ ತುಂಬ ಇದ್ದ ಪುಸ್ತಕಗಳೋ, ಫೋಟೋದಲ್ಲಿ ಅವರ ಬೆನ್ನ ಹಿಂದೆ ಕಾಣಿಸಲಿಕ್ಕೆ.

ಒಂದು ದಿನ ಅಂಚೆ ಕಚೇರಿಯ ನೀಲಾಂಬಿಕಾ ತನ್ನ ಮೊದಲ ಕಾದಂಬರಿ ‘ಗಂಗಿಯ ಬಾವಿ’ ಹಿಡಿದು ಬಂದಳು.

“ಸರ, ಮುನ್ನುಡಿ ಇಲ್ಲದಿದ್ರೂ ನಡೀತದ. ಎಲ್ಲಿ ಕೆಟ್ಟೈತಿ ಅಷ್ಟ ಹೇಳ್ರಿ. ವರ್ಷಗಟ್ಟಲೆ ಬರದೀನಿ, ಚಲೋ ಆಗೇದೋ ಇಲ್ಲೋ ನನಗ ತಿಳಿವಲ್ದು.”

“ಎಲ್ಲಾ ನೋಡ್ತೀನಿ, ಇಟ್ಟು ಹೋಗವಾ,” ಎಂದರು. ನೋಡಿದ್ದು ಹೆಸರೊಂದನ್ನೇ. ‘ಗಂಗಿ ಬಾವಿಗೆ ಹಾರುವಾಗ ನನ್ನ ಕಣ್ಣು ತುಂಬಿ ಬಂತು’ ಎಂದು ಬರೆಸಿದರು.

ಮುಂದಿನ ವಾರ ಬಂದ ನೀಲಾಂಬಿಕಾ ಮುನ್ನುಡಿಯನ್ನು ಅಲ್ಲೇ ನಿಂತು ಓದಿದಳು. ಮುಖ ಸಪ್ಪಗಾಯಿತು.

“ಸರ, ಗಂಗಿ ಊರಿಗೆ ಬಾವಿ ತೋಡಸ್ತಾಳ್ರಿ. ಹಾರೂದಿಲ್ಲ.”

ಪ್ರೊಫೆಸರರು ಕೆಮ್ಮಿದರು. “ಹಾರಿಸಿಬಿಡವಾ, ಮಂದಿಗೆ ಹಿಡಸ್ತದ.”

ನಾಚಿಕೆಯಾದರೂ ಬೇಡವೇ? ಆಶೀರ್ವಾದವೆಂದು ನನ್ನನ್ನು ಅವಳ ಕೈಗಿಟ್ಟು ಸಾಗಹಾಕಿದರು.

ಮನೆಗೆ ಬಂದು ಅವಳು ಅತ್ತಳು. ಆಮೇಲೆ ಗ್ರಂಥಾಲಯಕ್ಕೆ ಹೋಗತೊಡಗಿದಳು. ಯಾವ ಪುಸ್ತಕವಾದರೂ ಸರಿ, ಮುನ್ನುಡಿ ಮುಟ್ಟದೆ ನಡುವಿನ ಪುಟವೊಂದನ್ನು ಓದಿ, ಮನಸ್ಸಿಗೆ ನಾಟಿದರೆ ಮಾತ್ರ ಮನೆಗೆ ತರುವಳು. ಅದನ್ನು ಓದಿ ಮುಗಿಸಿ ತನ್ನ ಪುಟಗಳನ್ನು ಗಟ್ಟಿಯಾಗಿ ಓದುವಳು. ನಾಲಿಗೆ ತಡವರಿಸಿದಲ್ಲೆಲ್ಲ ನನ್ನಿಂದ ಗೀಟು ಎಳೆಸುವಳು. ಬರೆದದ್ದರಲ್ಲಿ ಅರ್ಧಕ್ಕರ್ಧ ಹೋಯಿತು. ಅಬ್ಬಾ, ಹೊಗಳಿ ಹೊಗಳಿ ಹೇಸಿಹೋಗಿದ್ದ ನನಗೆ ಅದೆಂಥ ಸುಖ! ಕಡೆಗೊಂದು ಸಂಜೆ ಎಲ್ಲೂ ತಡೆಯದೆ ಕೊನೆಯ ಪುಟ ಮುಟ್ಟಿ, “ಹಾಂ, ಈಗ ಆತು,” ಎಂದಳು.

ಈಗ ನನ್ನ ನಿಬ್ಬು ಸೀಳಿಹೋಗಿದೆ, ಅವಳ ಮೇಜಿನ ಮೂಲೆಯಲ್ಲಿ ಬಿದ್ದಿದ್ದೇನೆ. ಅಚ್ಚಾದ ಕಾದಂಬರಿ ಪಕ್ಕದಲ್ಲೇ ಇದೆ. ಬಂದವರು ಎತ್ತಿಕೊಂಡು, ಮೊದಲ ಪುಟ ತಿರುವಿ, ಮುನ್ನುಡಿ ಯಾಕಿಲ್ಲ ಎಂದು ಕೇಳುತ್ತಾರೆ.

“ಬರಿಯಾಕ ಭಾಳ ಮಂದಿ ಇದ್ರು,” ಎನ್ನುತ್ತಾಳೆ ನೀಲಾಂಬಿಕಾ. “ಓದಾಕ ಯಾರೂ ಸಿಗಲಿಲ್ರಿ.”