ಬುಡುವ ಪಾಠ

ಸತ್ಯಮಂಗಲದಿಂದ ತಾಳವಾಡಿಗೆ ಮರಳುತ್ತ ದಿಂಬಂ ದಾಟಿ ಕಾಡಿನ ರಸ್ತೆ ಹಿಡಿದ ಬಸ್ಸು ನಿಂತಿತು. ಮುಂದೆ ಕಬ್ಬಿನ ಲಾರಿ, ಲಾರಿಯ ಹಿಂದೆ ಆನೆ. ಸಂತೆಯಲ್ಲಿ ಬದನೆಕಾಯಿ ಆರಿಸುವ ಹೆಂಗಸಿನ ಹಾಗೆ ಅದು ಒಂದೊಂದೇ ಜಲ್ಲೆ ಎಳೆದು ನೋಡುತ್ತಿತ್ತು.

"ಯಾರೂ ಇಳೀಬ್ಯಾಡಿ. ಅದರ ಊಟ ಮುಗಿಯೋಗಂಟ ನಮಗೆ ಕೆಲಸಿಲ್ಲ" ಎಂದ ಕಂಡಕ್ಟರ್ ಶಿವಮಲ್ಲು.

ಕಿಟಕಿ ಪಕ್ಕದ ನೇತ್ರಳ ಕಿಬ್ಬೊಟ್ಟೆಯಲ್ಲಿ ಉರಿ ಎದ್ದದ್ದು ಆಗಲೇ. ಮೂತ್ರಕೋಶದ ಈ ನೋವು ಅವಳಿಗೆ ಹಳೆಯದು. ಪರೀಕ್ಷೆ ಮಾಡಿಸಿದಾಗಲೆಲ್ಲ ಸೋಂಕಿಲ್ಲ, ಕಲ್ಲಿಲ್ಲ ಎಂದೇ ಬರುತ್ತಿತ್ತು. ಏನೂ ಇಲ್ಲದ್ದಕ್ಕೆ ಮಾತ್ರೆಗಳು ಮಾತ್ರ ಬಗೆಬಗೆಯಾಗಿ ಸಿಕ್ಕಿದ್ದವು. ಕೊನೆಗೆ ಸತ್ಯಮಂಗಲದ ವೈದ್ಯೆಯೊಬ್ಬರು ಫಿಸಿಯೋಥೆರಪಿಗೆ ಕಳಿಸಿದರು. ಉಚ್ಚೆ ಉರಿಗೆ ಕಸರತ್ತೇ ಎಂದು ತಾಳವಾಡಿ ಊರೇ ನಕ್ಕಿತು. ಹೋದ ವಾರ ಅವಳಿಗಾಗಿ ದಾರಿಯಲ್ಲಿ ಬಸ್ಸು ನಿಲ್ಲಿಸಬೇಕಾಗಿ ಬಂದ ಮೇಲೆ ಆ ನಗು ಮನೆಯ ಜಗುಲಿಗೇ ಬಂದು ಕೂತಿತು. ಇಂದು ಜೊತೆಗೆ ಹೊರಟ ಅತ್ತೆ ಭದ್ರಮ್ಮ ಮೊದಲೇ ಹೇಳಿದ್ದರು: "ಇವತ್ತೂ ಬಸ್ಸು ನಿಲ್ಸುದ್ರೆ ಈ ಚಿಕಿತ್ಸೆ ಇಲ್ಲಿಗೇ ಮುಗೀತು ಕಣವ್ವ. ಮಾನ ಅನ್ನೋದೊಂದದೆ."

ಈಗ ಬಸ್ಸು ತಾನಾಗಿಯೇ ನಿಂತಿತ್ತು. ಇಳಿಯುವ ಹಾಗೆ ಮಾತ್ರ ಇರಲಿಲ್ಲ.

ನೇತ್ರ ಹಲ್ಲು ಕಚ್ಚಿದಳು. ಭದ್ರಮ್ಮ ಸೊಸೆಯ ಮಣಿಕಟ್ಟು ಹಿಡಿದು ಪಿಸುಗುಟ್ಟಿದರು: "ಬಿಗಿಯಾಗಿ ಇಡ್ಕೊ."

"ಇಡ್ಕಬಾರದಂತೆ ಅತ್ತೆ. ಬುಡ್ಬೇಕಂತೆ."

"ಬಸ್ಸಲ್ಲೇ?"

ಮುಂದಿನ ಸೀಟಿನ ತಲೆಗಳು ಆನೆಯನ್ನು ಬಿಟ್ಟು ಹಿಂದಕ್ಕೆ ತಿರುಗಿದವು.

"ಉಚ್ಚೆ ಅಲ್ಲ ಅತ್ತೆ. ಕೆಳಗಿನ ಮಾಂಸಖಂಡ. ಮುಷ್ಟಿ ಕಟ್ಕಂಡಂಗೆ ಕೂತದಂತೆ. ಬಿಗಿ ಆದಷ್ಟೂ ಉರಿ ಜಾಸ್ತಿ."

ಇದು ಅವಳಿಗೂ ತಡವಾಗಿ ತಿಳಿದದ್ದು. ವ್ಯಾಯಾಮ ಎಂದರೆ ಬಿಗಿಯುವುದು ಎಂದುಕೊಂಡು ಮನೆಯಲ್ಲಿ ಶ್ರದ್ಧೆಯಿಂದ ಬಿಗಿದು ನೋವನ್ನು ಇನ್ನಷ್ಟು ಬೆಳೆಸಿಕೊಂಡಿದ್ದಳು. ಫಿಸಿಯೋಥೆರಪಿಯವರು ಗಂಟುಗಟ್ಟಿದ ಜಾಗವನ್ನು ಮೆಲ್ಲಗೆ ಒತ್ತಿ ಹಿಡಿದು ತಮಿಳಿನಲ್ಲಿ ಹೇಳಿದ್ದು ಒಂದೇ ಮಾತು: "ವಿಡುಂಗ." ಬಿಡಿ. ಹುಟ್ಟಿದಾಗಿನಿಂದ ತಡ್ಕೊ ಎಂದು ಕೇಳಿಸಿಕೊಂಡೇ ಬೆಳೆದವಳಿಗೆ ಅದು ಹೊಸ ಭಾಷೆ.

ಆನೆ ಲಾರಿ ಬಿಟ್ಟು ಬಸ್ಸಿನ ಕಡೆ ಬಂತು. ಡ್ರೈವರ್ ಎಂಜಿನ್ ಆರಿಸಿದ. ಸೊಂಡಿಲು ಕಿಟಕಿಯ ಸರಳುಗಳ ಮೇಲೆ ನಿಧಾನವಾಗಿ ಸರಿಯಿತು.

ನೇತ್ರಳ ಒಳಗೆ ಅವಸರ ಅಲೆಯಂತೆ ಏರಿತು. ಅವಳು ಕಚ್ಚಿದ ಹಲ್ಲು ಸಡಿಲಿಸಿದಳು, ಹೆಗಲು ಇಳಿಸಿದಳು, ಕಾಲು ಅಗಲಿಸಿ ಕೂತು ಹೊಟ್ಟೆಯ ತಳದವರೆಗೆ ಉಸಿರು ಇಳಿಯಬಿಟ್ಟಳು. ಬಸ್ಸಿಡೀ ಉಸಿರು ಬಿಗಿಹಿಡಿದಿತ್ತು, ಬಿಡುತ್ತಿದ್ದವಳು ಅವಳೊಬ್ಬಳೇ. ಮತ್ತೊಮ್ಮೆ. ಇನ್ನೊಮ್ಮೆ. ಉರಿ ಹೋಗಲಿಲ್ಲ. ಅವಸರ ಮಾತ್ರ, ಸೀಟು ಸಿಗದ ಪ್ರಯಾಣಿಕನಂತೆ ಗೊಣಗುತ್ತ ಹಿಂದಕ್ಕೆ ಸರಿಯಿತು.

ಆನೆಗೂ ಬಸ್ಸಿನಲ್ಲಿ ತಿನ್ನುವಂಥದ್ದೇನೂ ಕಾಣಲಿಲ್ಲ. ಅದು ಲಂಟಾನದ ಪೊದೆಯೊಳಗೆ ನುಗ್ಗಿ ಹೋಯಿತು.

ಆಸನೂರಿನಲ್ಲಿ ಬಸ್ಸು ಎಂದಿನಂತೆ ನಿಂತಿತು. ಯಾರೂ ನಿಲ್ಲಿಸೆಂದು ಕೇಳಿರಲಿಲ್ಲ. ನೇತ್ರ ಆತುರವಿಲ್ಲದೆ ಶೌಚಾಲಯಕ್ಕೆಂದು ಏಳಹೋದಳು, ಏಳಲಾಗಲಿಲ್ಲ.

"ಅತ್ತೆ, ಕೈ ಬುಡಿ."

"ಬುಟ್ಟೆ ಕಣವ್ವ" ಎಂದರು ಭದ್ರಮ್ಮ. ಆದರೆ ಸೊಸೆಯ ಮಣಿಕಟ್ಟಿಗೆ ಕಚ್ಚಿಕೊಂಡಿದ್ದ ಬೆರಳುಗಳು ಬಿಚ್ಚಲಿಲ್ಲ. ಅವರು ಅವನ್ನು ಬೇರೆ ಯಾರದೋ ಎಂಬಂತೆ ನೋಡಿದರು. ಆಮೇಲೆ ಇನ್ನೊಂದು ಕೈಯಿಂದ ಒಂದೊಂದಾಗಿ ಬಿಡಿಸಿಕೊಂಡರು.

"ಬರೋ ವಾರ ಯಾವತ್ತು ಓಗ್ಬೇಕು?"